ಹಲವು ಕ್ಲಿಕ್ಕು, ಒಂದು ಚಿತ್ರ

7 ಜುಲೈ 2024, ಭಾನುವಾರ
ಗುಂಡ್ಲುಪೇಟೆ

ಊಟಿ ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲಗಳು ಹಳದಿಗಟ್ಟಿವೆ. ಕೇರಳದ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುವವರಿಂದ ರೈತರು ಈಗ ದುಡ್ಡು ಕೇಳುತ್ತಾರೆ. ಕೇಳಲಿ. ಹೂವು ಕೊಳ್ಳುವ ಬಣ್ಣದ ಕಾರ್ಖಾನೆಯ ಲೆಕ್ಕ ಚುಕ್ತಾ ಆಗುವುದಕ್ಕಿಂತ ಮುಂಚೆ ಸೆಲ್ಫಿಯವರ ನೋಟು ಕೈಗೆ ಬರುತ್ತದೆ.

ನಾನು ಹೋದದ್ದು ಗುಲಗಂಜಿ ಹುಳು ಹುಡುಕಿಕೊಂಡು. ಹೂವಿನ ಮೇಲೆ ಬಗ್ಗಿ ಕೂತಿದ್ದನ್ನು ಹೊಲದ ಯಜಮಾನರು ಬಹಳ ಹೊತ್ತು ನೋಡಿದರು.

"ಎಲ್ರೂವೆ ಹೊಲ್ದ ಫೋಟೊ ತೆಗಿತರ. ನೀವೇನವ್ವ, ಹೂವ್ನೊಳಕೇ ತಲೆ ಇಕ್ಕೊಂಡು ಕುಂತಿದ್ದರಿ?"

"ಹುಳು ತೆಗೀತಿದ್ದೀನಿ ಅಣ್ಣ."

"ಅಯ್ಯೊ, ಅದ್ಕ ಔಸ್ತಿ ಹೊಡ್ದು ಹೊಡ್ದು ನಮ್ಗ ಸಾಕಾಯ್ತು. ಬೇಕಾದಷ್ಟು ತಕ್ಕೊಂಡೋಗಿ."

ಗುಲಗಂಜಿ ಹುಳು ಸಸ್ಯಹೇನು ತಿಂದು ಬೆಳೆ ಉಳಿಸುವಂಥದ್ದು, ಅದಕ್ಕೆ ಔಷಧಿ ಹೊಡೆಯಬೇಡಿ ಅನ್ನಬೇಕೆನ್ನುವಷ್ಟರಲ್ಲಿ ಅವರು ಇನ್ನೊಂದು ಕಾರಿನ ಕಡೆ ಹೊರಟುಹೋಗಿದ್ದರು.

ತೊಂದರೆ ಹಳೆಯದೇ. ಹುಳುವಿನ ನಿಜಗಾತ್ರವೇ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಎಫ್/8 ಇಟ್ಟರೂ ಸ್ಪಷ್ಟವಾಗಿ ಬರುವ ಪದರ ಮುಕ್ಕಾಲು ಮಿಲಿಮೀಟರ್ ಕೂಡ ಇರುವುದಿಲ್ಲ. ಕಣ್ಣು ಸಿಕ್ಕರೆ ಬೆನ್ನು ಮಂಜು, ಬೆನ್ನು ಸಿಕ್ಕರೆ ಕಾಲು ಮಂಜು. ಎಫ್/22ಕ್ಕೆ ಇಳಿಸಿದರೆ ಪದರವೇನೋ ದಪ್ಪವಾಗುತ್ತದೆ. ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗುವ ಬೆಳಕು ಅಂಚಿನಲ್ಲಿ ಬಾಗಿ ಹರಡಿ ಇಡೀ ಚಿತ್ರ ಮೆತ್ತಗಾಗುತ್ತದೆ. ಇದು ಬೆಳಕಿನ ಗುಣ. ಎಷ್ಟು ಲಕ್ಷದ ಲೆನ್ಸು ತಂದರೂ ಮದ್ದಿಲ್ಲ.

ಉಳಿದ ದಾರಿ ಒಂದೇ. ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತ, ಮುಂದಿನಿಂದ ಹಿಂದಿನವರೆಗೆ ಸಾಲಾಗಿ ಫ್ರೇಮು ತೆಗೆಯುವುದು. ಆಮೇಲೆ ಪ್ರತಿಯೊಂದರಲ್ಲೂ ಸ್ಪಷ್ಟವಾಗಿರುವ ಭಾಗವನ್ನಷ್ಟೇ ಆರಿಸಿ ಒಂದು ಮಾಡುವುದು. ಫೋಕಸ್ ಸ್ಟ್ಯಾಕಿಂಗ್. ಆದರೆ ಹುಳು ಅಲ್ಲಾಡಬಾರದು, ಹೂವು ಅಲ್ಲಾಡಬಾರದು, ನಾನೂ ಅಲ್ಲಾಡಬಾರದು. ಜುಲೈ ತಿಂಗಳಲ್ಲಿ ವಯನಾಡಿನ ಕಡೆಯಿಂದ ಬೀಸುವ ಗಾಳಿಗೆ ಗುಂಡ್ಲುಪೇಟೆಯ ಚೆಂಡುಹೂ ಒಂದು ಕ್ಷಣ ಸುಮ್ಮನಿರುವುದಿಲ್ಲ. ಹೊಲದಲ್ಲಿ ಇದು ಆಗದ ಕೆಲಸ. ಸತ್ತ ಹುಳುವೇ ಬೇಕು, ನಾಲ್ಕು ಗೋಡೆಯೊಳಗೇ ಆಗಬೇಕು.


10 ಜುಲೈ, ಬುಧವಾರ
ಚಾಮರಾಜನಗರ

ಕಾಲೇಜಿನ ಲ್ಯಾಬಿನ ಕಿಟಕಿ ಸಂದಿಯಲ್ಲಿ ಒಂದು ಸಣ್ಣ ಕಣಜ ಸತ್ತು ಬಿದ್ದಿತ್ತು. ಉದ್ದ ಆರೇಳು ಮಿಲಿಮೀಟರ್ ಇರಬಹುದು. ರೆಕ್ಕೆ ಹರಿದಿಲ್ಲ, ಮೀಸೆ ಮುರಿದಿಲ್ಲ. ಇದಕ್ಕಿಂತ ಒಳ್ಳೆಯ ಮಾಡೆಲ್ ಸಿಗಲಾರದು.

ಸಲಕರಣೆಯೆಲ್ಲ ಮನೆಮದ್ದೇ. ನಮ್ಮೂರಿನಲ್ಲಿ ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಬಂದ 28 ಎಂಎಂ ಹಳೇ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುವುಮುರುವಾಗಿ ಕೂರಿಸಿದೆ. ತಿರುವಿ ಹಾಕಿದರೆ ಲೆನ್ಸು ಭೂತಗನ್ನಡಿಯಾಗುತ್ತದೆ. ಎರಡು ಪಟ್ಟು ಹಿಗ್ಗಿಸಿ ಕೊಡುತ್ತದೆ. ಹಳೆಯ ಲೆನ್ಸಾದ್ದರಿಂದ ಕಿಂಡಿಯನ್ನು ಕೈಯಲ್ಲೇ ತಿರುಗಿಸಬಹುದು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೆಳಮುಖ ಮಾಡಿ ಕಟ್ಟಿದ್ದಾಯಿತು. ಇನ್ನು ಕೂದಲೆಳೆಯಷ್ಟು ಸರಿಸುವ ಯಂತ್ರ? ಅಂಗಡಿಯಲ್ಲಿ ಸಿಗುವ ಫೋಕಸಿಂಗ್ ರೈಲಿನ ಬೆಲೆ ಕೇಳಿ ಕೈಬಿಟ್ಟೆ. ಮೂಲೆಯಲ್ಲಿ ಕಂಡಮ್ ಆಗಿ ಕೂತಿದ್ದ ಮೈಕ್ರೋಸ್ಕೋಪ್ ನೆನಪಾಯಿತು. ಅದರ ಲೆನ್ಸುಗಳಿಗೆ ಬೂಷ್ಟು ಹಿಡಿದಿದೆ, ಆದರೆ ಸ್ಟೇಜನ್ನು ಏರಿಸಿ ಇಳಿಸುವ ಸಣ್ಣ ತಿರುಪು ಇನ್ನೂ ನಯವಾಗಿ ತಿರುಗುತ್ತದೆ. ಮೇಲಿನ ಕೊಳವೆ ಬಿಚ್ಚಿ ಸ್ಟೇಜಿನ ಮೇಲೆ ಕಣಜವನ್ನಿಟ್ಟೆ. ತಿರುಪು ಒಂದಿಷ್ಟು ತಿರುಗಿಸುವುದು, ಎರಡು ಸೆಕೆಂಡಿನ ಟೈಮರ್ ಒತ್ತಿ ಕೈ ಹಿಂದಕ್ಕೆ ತೆಗೆಯುವುದು, ಕ್ಲಿಕ್. ಮತ್ತೆ ತಿರುಪು. ಐಸ್‌ಕ್ರೀಮಿನ ಥರ್ಮಾಕೋಲ್ ಬಟ್ಟಲಿನ ತಳ ಕತ್ತರಿಸಿ ಸುತ್ತ ಇಟ್ಟರೆ ಬೆಳಕು ಮೃದುವಾಗಿ ಬೀಳುತ್ತದೆ. ಇಲ್ಲದಿದ್ದರೆ ಕಣಜದ ಹೊಳೆಯುವ ಮೈಮೇಲೆ ಫ್ಲ್ಯಾಷಿನ ಬಿಳಿ ಮಚ್ಚೆ ಮಾತ್ರ ಕಾಣುತ್ತದೆ.

ಈ ಹಿಗ್ಗುವಿಕೆಯಲ್ಲಿ ಸ್ಪಷ್ಟ ಪದರ ಕಾಲು ಮಿಲಿಮೀಟರ್ ಆಸುಪಾಸು. ಹಾಗಾಗಿ ಒಂದೊಂದು ಹೆಜ್ಜೆ ಅದಕ್ಕಿಂತ ಕಡಿಮೆಯಿರಬೇಕು, ಪದರದ ಮೇಲೆ ಪದರ ಸ್ವಲ್ಪ ಹಾಸಿಕೊಂಡಿರಬೇಕು. ನಡುವೆ ಒಂದು ಹೆಜ್ಜೆ ಹಾರಿದರೂ ಕೊನೆಯ ಚಿತ್ರದಲ್ಲಿ ಅಲ್ಲೊಂದು ಮಸುಕು ಪಟ್ಟೆ ಬಂದು ಕೂರುತ್ತದೆ.

ಎರಡನೇ ವರ್ಷದ ಬಿ.ಎಸ್‌ಸಿ.ಯ ಹುಡುಗಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನವಳು, ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಗುರುತಿಸಿದ ಕಣಜದ ವಿಷಯ ಹೇಳಿದೆ. ಅವಳ ಬೆಟ್ಟದ ಕಾಡಿನಲ್ಲೇ ಸಿಕ್ಕಿದ ಪರಾವಲಂಬಿ ಕಣಜ. ಜಗತ್ತಿಗೇ ಹೊಸ ಕುಲ. ಆ ಕುಲಕ್ಕೆ ಅವರಿಟ್ಟ ಹೆಸರು ಸೋಲಿಗ. ಹೋದ ವರ್ಷ ಪತ್ರಿಕೆಗಳಲ್ಲೂ ಬಂದಿತ್ತು.

"ಕಣಜಕ್ಕೆ ನಮ್ಮ ಹೆಸರಾ ಮೇಡಂ? ಜೇನಿಗೆ ಇಡಬಹುದಿತ್ತಲ್ಲ."

ನ್ಯಾಯವಾದ ಮಾತು. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಎಂದು ನಾಲ್ಕನ್ನೂ ಹಾರುವ ರೀತಿಯಲ್ಲೇ ಗುರುತಿಸುವ ಹುಡುಗಿ ಅವಳು.

ಆ ಕಣಜದ ಪೂರ್ತಿ ಹೆಸರು ಸೋಲಿಗ ಎಕ್ಯಾರಿನೇಟಾ. ಮುಖದ ಕೆಳಭಾಗದಲ್ಲಿ ಏಣು ಇಲ್ಲ ಎಂಬುದೇ ಆ ಎರಡನೇ ಹೆಸರಿನ ಅರ್ಥ. ನನಗೆ ಇದು ಬಹಳ ಹಿಡಿಸಿತು. ಕೆಲವು ಮಿಲಿಮೀಟರಿನ ಜೀವಿಯ ಮುಖದಲ್ಲಿ ಒಂದು ಏಣು ಇದೆ ಅನ್ನುವುದಕ್ಕೆ ಅಷ್ಟಿಷ್ಟು ಸ್ಪಷ್ಟವಾದ ಫೋಟೊ ಸಾಕು. ಇಲ್ಲ ಅನ್ನಬೇಕಾದರೆ ಮುಖದ ಮೂಲೆಮೂಲೆಯೂ ಸ್ಪಷ್ಟವಾಗಿ ಕಾಣಬೇಕು. ಮಂಜಾಗಿದ್ದರೆ ಅದು ಇಲ್ಲದ್ದೋ, ಕಾಣದ್ದೋ ಯಾರು ಹೇಳಬೇಕು? ಕೀಟಶಾಸ್ತ್ರದ ಪತ್ರಿಕೆಗಳಲ್ಲಿ ಇವತ್ತು ಹೊಸ ಪ್ರಭೇದದ ಚಿತ್ರಗಳೆಲ್ಲ ಬಹುಮಟ್ಟಿಗೆ ಸ್ಟ್ಯಾಕ್ ಮಾಡಿದವೇ ಆಗಿರುವುದಕ್ಕೆ ಇದೇ ಕಾರಣ. ಅಂದ ಹೆಚ್ಚಿಸುವ ಮಾತೇ ಅಲ್ಲ ಇದು.


14 ಜುಲೈ, ಭಾನುವಾರ ರಾತ್ರಿ
ಗುಂಡ್ಲುಪೇಟೆ

ಫ್ರೇಮುಗಳನ್ನು ಲ್ಯಾಪ್‌ಟಾಪಿಗೆ ಕೊಟ್ಟು ಊಟಕ್ಕೆ ಕೂತೆ. ಊಟ ಮುಗಿದರೂ ಅದರದು ಮುಗಿದಿರಲಿಲ್ಲ. ಇದಕ್ಕಿರುವ ತಂತ್ರಾಂಶಗಳಲ್ಲಿ ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎರಡೂ ದುಡ್ಡಿನವು. ನಾನು ಬಳಸುವುದು ಹ್ಯೂಗಿನ್ ಜೊತೆಗೆ ಬರುವ ಎನ್‌ಫ್ಯೂಸ್, ಬಿಟ್ಟಿಯದು. ಮೊದಲು ಹ್ಯೂಗಿನ್ ಎಲ್ಲ ಫ್ರೇಮುಗಳನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಹತ್ತಿರ ಬಂದಂತೆ ಹುಳು ಚೂರು ದೊಡ್ಡದಾಗಿ ಕಾಣುತ್ತದಲ್ಲ, ಆ ವ್ಯತ್ಯಾಸ ತೆಗೆಯಬೇಕು. ಆಮೇಲೆ ಎನ್‌ಫ್ಯೂಸ್ ಒಂದೊಂದು ಜಾಗದಲ್ಲೂ ಯಾವ ಫ್ರೇಮಿನಲ್ಲಿ ಕಪ್ಪು-ಬಿಳುಪಿನ ಅಂತರ ಅತಿ ಚುರುಕಾಗಿದೆ ಎಂದು ಹುಡುಕುತ್ತದೆ. ಸ್ಪಷ್ಟ ಅಂದರೆ ಅದಕ್ಕೆ ಗೊತ್ತಿರುವುದು ಅಷ್ಟೇ. ಅದು ಕಣಜ ಎಂದಾಗಲಿ, ಇದು ಕಣ್ಣು ಎಂದಾಗಲಿ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅದರ ಪ್ರಾಮಾಣಿಕತೆ.

ಚಿತ್ರ ಬಂತು. ಸಂಯುಕ್ತಾಕ್ಷಿಯ ಒಂದೊಂದು ಮುಖವೂ ಷಟ್ಕೋನವಾಗಿ ನಿಂತಿದೆ. ಎದೆಯ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಗುಳಿಗಳು, ಗುಳಿಗೊಂದು ಕೂದಲು. ಕಾಲಿನ ಮುಳ್ಳಿಗೆ ಅಂಟಿದ ಒಂದು ಕಣ ಪರಾಗ, ಅದರ ಮೇಲೂ ಮುಳ್ಳು. ಬರಿಗಣ್ಣಿಗೆ ಕರಿ ಚುಕ್ಕೆಯಾಗಿದ್ದ ಪ್ರಾಣಿ ಇದೇ. ಮುಂದಕ್ಕೆ ಚಾಚಿದ ಮೀಸೆಯ ಸುತ್ತ ಮಾತ್ರ ಒಂದು ಮಸುಕು ಪ್ರಭೆ. ಮೀಸೆ ಮುಂದಿನ ಪದರದ್ದು, ಅದರ ಹಿಂದಿನ ರೆಕ್ಕೆ ಬೇರೆ ಪದರದ್ದು. ರೆಕ್ಕೆಯ ಮೇಲೆ ಫೋಕಸ್ ಇದ್ದಾಗ ಮೀಸೆ ಉಬ್ಬಿ, ಮಂಜಾಗಿ ರೆಕ್ಕೆಯ ಒಂದು ಪಟ್ಟಿಯನ್ನು ಮುಚ್ಚಿಬಿಟ್ಟಿತ್ತು. ಆ ಪಟ್ಟಿಯನ್ನು ಯಾವ ಫ್ರೇಮೂ ನೋಡಿಲ್ಲ, ಹಾಗಾಗಿ ಚಿತ್ರದಲ್ಲೂ ಅದಿಲ್ಲ. ಬ್ರಷ್ ಹಿಡಿದು ತುಂಬಿಸಬಹುದು, ಎಲ್ಲರೂ ತುಂಬಿಸುತ್ತಾರೆ. ನಾನು ಹಾಗೇ ಬಿಟ್ಟೆ.

ಲೆವನ್ ಬಿಸ್ ಎಂಬ ಬ್ರಿಟಿಷ್ ಛಾಯಾಗ್ರಾಹಕ ಆಕ್ಸ್‌ಫರ್ಡ್ ಮ್ಯೂಸಿಯಮ್ಮಿನ ಕೀಟಗಳನ್ನು ಹೀಗೇ ತೆಗೆದು 2016ರಲ್ಲಿ ಪ್ರದರ್ಶನ ಮಾಡಿದ್ದ. ಒಂದೊಂದು ಚಿತ್ರಕ್ಕೂ ಎಂಟು ಸಾವಿರದಷ್ಟು ಕ್ಲಿಕ್ಕು. ಅವನ ತಾಳ್ಮೆ ನನಗಿಲ್ಲ, ಹಾರ್ಡ್ ಡಿಸ್ಕೂ ಇಲ್ಲ.


17 ಜುಲೈ, ಬುಧವಾರ
ಚಾಮರಾಜನಗರ

ಮೊಹರಂ ರಜೆ. ಚಾಮರಾಜೇಶ್ವರನ ತೇರು ಹತ್ತಿರ ಬಂತು. ಆಷಾಢ ಅಂದರೆ ಬೇರೆ ಊರುಗಳಲ್ಲಿ ಹೊಸ ಮದುವೆಯ ಜೋಡಿಗಳನ್ನು ಬೇರೆ ಮಾಡುತ್ತಾರೆ, ಇಲ್ಲಿ ಮಾತ್ರ ಜೋಡಿಯಾಗಿ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. 2017ರಲ್ಲಿ ಹಳೇ ತೇರಿಗೆ ಬೆಂಕಿ ಬಿದ್ದ ಮೇಲೆ ಕೆಲವು ವರ್ಷ ತೇರೇ ಇರಲಿಲ್ಲ. 2022ರಲ್ಲಿ ಹೊಸದು ಬಂತು.

ದೇವಸ್ಥಾನದ ಮುಂದೆ ಟ್ರೈಪಾಡ್ ನೆಟ್ಟುಕೊಂಡು ನಿಂತೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಊರೆಂದು ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಕಟ್ಟಿಸಿದ ದೇವಸ್ಥಾನ. ಗೋಪುರದ ಗಾರೆಗೊಂಬೆಗಳ ಫೋಟೊ ಬೇಕಿತ್ತು, ಆದರೆ ಮುಂದೆ ಜನವೋ ಜನ. ಹಾಗಾಗಿ ಆಗಾಗ ಒಂದೊಂದು ಕ್ಲಿಕ್ ಮಾಡುತ್ತ ಕೂತೆ. ಹೋಗಿ ಬರುವವರು ಒಂದು ಫ್ರೇಮಿನಲ್ಲಿದ್ದ ಜಾಗದಲ್ಲಿ ಇನ್ನೊಂದರಲ್ಲಿರುವುದಿಲ್ಲ.

ಸಂಜೆ ಜೋಡಿಸಿದೆ. ಸರಾಸರಿ ತೆಗೆದರೆ ಜನ ದೆವ್ವಗಳ ಹಾಗೆ ಅರೆಬರೆ ಉಳಿಯುತ್ತಾರೆ. ಸರಾಸರಿಯ ಬದಲು ಮಧ್ಯಾಂಕ ತೆಗೆಯಬೇಕು. ಒಂದೊಂದು ಚುಕ್ಕೆಗೂ ಎಲ್ಲ ಫ್ರೇಮುಗಳ ಬೆಲೆಯನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು ನಡುವಿನದ್ದನ್ನು ಎತ್ತಿಕೊಳ್ಳುವುದು. ಅರ್ಧಕ್ಕಿಂತ ಹೆಚ್ಚು ಫ್ರೇಮುಗಳಲ್ಲಿ ಆ ಜಾಗದಲ್ಲಿ ಕಲ್ಲೇ ಕಂಡಿದ್ದರೆ ಉತ್ತರ ಕಲ್ಲೇ. ಜನರೆಲ್ಲ ಮಾಯ! ಖಾಲಿ ಬೀದಿ, ಖಾಲಿ ಮೆಟ್ಟಿಲು, ಮೇಲೆ ನಿಚ್ಚಳವಾದ ಗೋಪುರ. ಮೂಲೆಯಲ್ಲಿ ಹೂವು ಮಾರುವ ಅಜ್ಜಿ ಒಬ್ಬರೇ ಉಳಿದಿದ್ದಾರೆ, ಅವರ ಸೆರಗಿನ ಅಂಚೂ ಎಣಿಸುವ ಹಾಗೆ. ನಾನು ಕೂತಷ್ಟು ಹೊತ್ತೂ ಅವರು ಕೂತ ಜಾಗ ಬಿಟ್ಟಿರಲಿಲ್ಲ.

ಕಣಜದ ಚಿತ್ರ ನೋಡಿದಾಗ ಬಂದ ಸಂತೋಷ ಇದನ್ನು ನೋಡಿದಾಗ ಬರಲಿಲ್ಲ. ಇದರಲ್ಲಿರುವ ಒಂದೊಂದು ಚುಕ್ಕೆಯೂ ನಿಜ. ಯಾವುದನ್ನೂ ಬರೆದದ್ದಲ್ಲ, ಎಲ್ಲಿಂದಲೋ ತಂದದ್ದಲ್ಲ. ಆದರೂ ಇವತ್ತು ಬೆಳಗ್ಗೆ ಆ ಬೀದಿ ಹೀಗೆ ಒಂದು ಗಳಿಗೆಯೂ ಇರಲಿಲ್ಲ. ಗೋಪುರದ ದಾಖಲೆಗೆ ಇದನ್ನು ಕೊಡಬಹುದು. ತೇರಿಗೆ ಮುಂಚಿನ ಚಾಮರಾಜನಗರ ಎಂದು ಯಾರಿಗಾದರೂ ತೋರಿಸಿದರೆ ಶುದ್ಧ ಸುಳ್ಳು.

ಚಿತ್ರದ ಮೇಲೆ ಚಿತ್ರ ಹೇರುವ ಆಸೆ ಹಳೆಯದು. ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1870ರ ದಶಕದಲ್ಲಿ ಕೈದಿಗಳ ಮುಖಗಳನ್ನು ಒಂದೇ ಪ್ಲೇಟಿನ ಮೇಲೆ ಬೀಳಿಸಿ ಅಪರಾಧಿಯ ಮುಖ ಹೇಗಿರುತ್ತದೆ ಎಂದು ಹುಡುಕಲು ಹೊರಟಿದ್ದ. ಸಿಕ್ಕಿದ್ದು ಒಬ್ಬೊಬ್ಬರಿಗಿಂತಲೂ ಲಕ್ಷಣವಾದ, ಯಾರದ್ದೂ ಅಲ್ಲದ ಒಂದು ಮುಖ. ಅವನ ಸಿದ್ಧಾಂತ ಬಿದ್ದುಹೋದದ್ದು ಒಳ್ಳೆಯದೇ ಆಯಿತು.


19 ಆಗಸ್ಟ್, ಸೋಮವಾರ
ಚಾಮರಾಜನಗರ – ಗುಂಡ್ಲುಪೇಟೆ ಬಸ್ಸು

ನೂಲು ಹುಣ್ಣಿಮೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಹೊಸ ಫೋನಿನಲ್ಲಿ ತೆಗೆದ ಚಂದ್ರನನ್ನು ಎಲ್ಲರಿಗೂ ತೋರಿಸುತ್ತಿದ್ದರು. ಕುಳಿಗಳೆಲ್ಲ ಎಷ್ಟು ಚೆಂದ. ಕೈಯಲ್ಲಿ ಹಿಡಿದು ತೆಗೆದದ್ದಂತೆ.

ಫೋನುಗಳೂ ಈಗ ಸ್ಟ್ಯಾಕ್ ಮಾಡುತ್ತವೆ. ನಾವು ಒಂದು ಸಲ ಒತ್ತಿದರೆ ಅದು ಒಳಗೊಳಗೇ ಹಲವು ಫ್ರೇಮು ತೆಗೆದಿರುತ್ತದೆ. 2018ರಲ್ಲಿ ಗೂಗಲ್‌ನವರು ಪಿಕ್ಸೆಲ್ ಫೋನಿಗೆ ಹಾಕಿದ ನೈಟ್ ಸೈಟ್ ಹದಿನೈದು ಫ್ರೇಮಿನವರೆಗೆ ಜೋಡಿಸುತ್ತಿತ್ತು. ಅದೇ ವರ್ಷದ ಅವರ ಝೂಮ್ ಇನ್ನೂ ಚತುರ. ಕೈ ನಡುಗಿದಾಗ ಒಂದೊಂದು ಫ್ರೇಮೂ ಅರ್ಧ ಚುಕ್ಕೆ, ಕಾಲು ಚುಕ್ಕೆ ಅತ್ತಿತ್ತ ಸರಿದಿರುತ್ತದಲ್ಲ. ಒಂದು ಫ್ರೇಮಿನ ಎರಡು ಚುಕ್ಕೆಗಳ ನಡುವೆ ಬಿಟ್ಟುಹೋದದ್ದನ್ನು ಇನ್ನೊಂದು ಫ್ರೇಮು ಹಿಡಿದಿರುತ್ತದೆ. ನಡುಗುವ ಕೈಯಿಂದಲೇ ಹೆಚ್ಚಿನ ವಿವರ ಪಡೆಯುವುದು. ಇದು ನಿಜವಾದ ಗಳಿಕೆ.

ಕತ್ತಲಲ್ಲಿ ತೆಗೆದ ಫೋಟೊ ಮೇಲೆ ರವೆ ಎರಚಿದ ಹಾಗೆ ಕಾಣುವ ನಾಯ್ಸು ಹೇಗೆ ಹೋಗುತ್ತದೆ ಎಂದು ಪಕ್ಕದ ಸೀಟಿನಲ್ಲಿದ್ದ ವಿದ್ಯಾರ್ಥಿ ಕೇಳಿದ. ತೆರಕಣಾಂಬಿಯ ಹತ್ತಿರದ ಹಳ್ಳಿಯವನು. ಬಸ್ಸಿನಲ್ಲೇ ಉತ್ತರ ಸಿಕ್ಕಿತು. ಕಂಡಕ್ಟರ್ ಕೂಗುತ್ತಿದ್ದಾರೆ, ಸುತ್ತ ಗಲಾಟೆ. ಒಂದು ಸಲ ಕೇಳಿದರೆ ಏನಂದರೋ ಗೊತ್ತಾಗುವುದಿಲ್ಲ. ಆದರೆ ಅವರು ಪ್ರತಿ ಸಲವೂ ಕೂಗುವುದು ತೆರಕಣಾಂಬಿ ಎಂದೇ; ಗಲಾಟೆ ಮಾತ್ರ ಪ್ರತಿ ಸಲ ಬೇರೆ. ಕೂಡಿಸುತ್ತ ಹೋದರೆ ತೆರಕಣಾಂಬಿ ಗಟ್ಟಿಯಾಗುತ್ತದೆ, ಗಲಾಟೆ ಒಂದನ್ನೊಂದು ಹೊಡೆದುಹಾಕುತ್ತದೆ. ಲೆಕ್ಕ ಮಾತ್ರ ಸ್ವಲ್ಪ ಜಿಪುಣ. ನಾಲ್ಕು ಫ್ರೇಮಿಗೆ ನಾಯ್ಸು ಅರ್ಧ, ಹದಿನಾರಕ್ಕೆ ಕಾಲು. ಹತ್ತನೇ ಒಂದಕ್ಕೆ ಇಳಿಸಬೇಕಾದರೆ ನೂರು ಫ್ರೇಮು ಬೇಕು. ವರ್ಗಮೂಲದ ಲೆಕ್ಕ.

ಆದರೆ ಚಂದ್ರನ ವಿಷಯ ಬೇರೆ. 2023ರ ಮಾರ್ಚಿನಲ್ಲಿ ಬೇರೆ ಕಂಪನಿಯ ಫೋನೊಂದರ ಬಳಕೆದಾರ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಂಜು ಮಾಡಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ದೀಪ ಆರಿಸಿ, ದೂರದಿಂದ ಫೋನಿನಲ್ಲಿ ಫೋಟೊ ತೆಗೆದ. ಮಂಜಾಗಿದ್ದ ಚಿತ್ರದಲ್ಲಿ ಇರದಿದ್ದ ಕುಳಿಗಳು ಫೋನಿನ ಫೋಟೊದಲ್ಲಿ ಬಂದಿದ್ದವು. ಫೋನಿಗೆ ಚಂದ್ರ ಹೇಗಿರುತ್ತಾನೆ ಎಂದು ಮೊದಲೇ ಕಲಿಸಿದ್ದರು. ಅದು ನೋಡಿ ಹೇಳಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು. ಉತ್ತರಪತ್ರಿಕೆ ತಿದ್ದುವ ನನಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಲಿಲ್ಲ. ಹಬ್ಬದ ದಿನ ಯಾಕೆ.


1 ಸೆಪ್ಟೆಂಬರ್, ಭಾನುವಾರ
ತೆರಕಣಾಂಬಿಯ ಹತ್ತಿರ

ಬಸ್ಸಿನ ಹುಡುಗ ತನ್ನೂರಿನ ಕೆರೆ ಏರಿಯ ಮೇಲಿನ ವೀರಗಲ್ಲು ತೋರಿಸಲು ಕರೆದುಕೊಂಡು ಹೋದ. ಕಲ್ಲಿನ ಮೇಲ್ಭಾಗದಲ್ಲಿ ಅಪ್ಸರೆಯರು, ಕೆಳಗೆ ಕತ್ತಿ ಹಿಡಿದ ವೀರ, ನಡುವಿನ ಪಟ್ಟಿಯಲ್ಲಿ ಅಕ್ಷರ. ಅಕ್ಷರ ಅಂದರೆ ಅಕ್ಷರವಿದ್ದ ಗುರುತು. ಎಣ್ಣೆ, ಅರಿಸಿನ, ಮಳೆ ಸೇರಿ ಸವೆದಿದೆ. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ಅವರ 1898ರ ಸಂಪುಟದಲ್ಲಿವೆ, ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯ ಮೂರನೆಯ ಸಂಪುಟದಲ್ಲೂ ಇವೆ. ಅವರೆಲ್ಲ ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಪಡಿಯಚ್ಚು ತೆಗೆದು ಓದಿದವರು.

ನಾವು ಸಂಜೆಯವರೆಗೆ ಕಾದೆವು. ಇಲ್ಲಿ ಫೋಕಸ್ ಸರಿಸುವುದಿಲ್ಲ, ಬೆಳಕು ಸರಿಸುವುದು. ಕ್ಯಾಮೆರಾ ಕದಲಬಾರದು, ಟಾರ್ಚನ್ನು ಕಲ್ಲಿನ ಸುತ್ತ ಬೇರೆ ಬೇರೆ ದಿಕ್ಕಿನಿಂದ, ಬೇರೆ ಬೇರೆ ಎತ್ತರದಿಂದ ಹಿಡಿದು ಒಂದೊಂದು ಕ್ಲಿಕ್. ಟಾರ್ಚು ಯಾವಾಗಲೂ ಒಂದೇ ದೂರದಲ್ಲಿರಲೆಂದು ಒಂದು ದಾರ. ಹುಡುಗ ದಾರದ ತುದಿಯನ್ನು ಕಲ್ಲಿನ ನಡುವೆ ಹಿಡಿದು ಟಾರ್ಚಿನವರೆಗೆ ಎಳೆಯುವನು, ಬಿಗಿಯಾದ ಮೇಲೆ ಬಿಡುವನು, ಆಮೇಲೆ ನಾನು ಒತ್ತುವುದು. ಫ್ರೇಮಿನ ಮೂಲೆಯಲ್ಲಿ ಒಂದು ಹೊಳೆಯುವ ಕಪ್ಪು ಗೋಲಿ. ಅದರ ಮೇಲೆ ಟಾರ್ಚಿನ ಬಿಳಿ ಚುಕ್ಕೆ ಎಲ್ಲಿ ಬಿದ್ದಿದೆ ಎಂದು ನೋಡಿ, ಬೆಳಕು ಯಾವ ದಿಕ್ಕಿನಿಂದ ಬಂತೆಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ 2001ರಲ್ಲಿ ಪ್ರಕಟಿಸಿದ ಉಪಾಯ ಇದರ ಬುಡ. ಈಗ ಜಗತ್ತಿನ ತುಂಬ ಶಾಸನ ಓದುವವರು ಬಳಸುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ತ್ರೀಡಿ ಸ್ಕ್ಯಾನರ್ ಇಟ್ಟುಕೊಂಡು ಇದಕ್ಕಿಂತ ದೊಡ್ಡ ಕೆಲಸ ಮಾಡುತ್ತಿದ್ದಾರೆ. ನಮ್ಮದು ಬಡವರ ದಾರಿ.

ಹುಡುಗನ ಅಜ್ಜಿ ಬಂದು ನಿಂತರು. "ಅದ್ಕ ದಾರ ಸುತ್ತಿ ಏನ್ ಮಾಡಿಯರಿ? ವರ್ಸಕ್ ಒಂದ್ಸಲ ನಾವೇ ಎಣ್ಣ ಉಯ್ತೀವಿ, ಸಾಕು."

ರಾತ್ರಿ ಪರದೆಯ ಮೇಲೆ ಬೆಳಕಿನ ದಿಕ್ಕನ್ನು ಮೌಸಿನಿಂದ ತಿರುಗಿಸುತ್ತ ಹೋದಾಗ, ಬಲಗಡೆಯಿಂದ ತೀರ ಓರೆ ಬೆಳಕು ಬಿದ್ದಲ್ಲಿ, ಒಂದು ಸಾಲು ಎದ್ದು ಬಂತು. ವೀರನ ಕಾಲ ಬಳಿ ಇಷ್ಟು ದಿನ ಯಾರಿಗೂ ಕಾಣದ ಒಂದು ನಾಯಿಯೂ ಎದ್ದು ಬಂತು. ಹುಡುಗ ಸಾಲಿನ ಮೊದಲಿಗೆ ಬೆರಳಿಟ್ಟು ಸ್ವಸ್ತಿಶ್ರೀ ಎಂದು ಓದಿಬಿಟ್ಟ. ನನಗೆ ಎರಡು ಅಕ್ಷರದ ಗುಂಡು ಕಾಣಿಸಿತು, ಅಷ್ಟೇ. ಶಾಸನಗಳು ಸ್ವಸ್ತಿಶ್ರೀ ಎಂದು ಶುರುವಾಗುತ್ತವೆ ಎಂಬುದು ಅವನಿಗೆ ಮೊದಲೇ ಗೊತ್ತು. ಶಾರ್ಪನ್ ಇನ್ನೂ ಏರಿಸಿ ಮೇಡಂ, ಬರುತ್ತೆ ಅಂದ. ಏರಿಸಿದರೆ ಬರುತ್ತದೆ ನಿಜ. ಕಲ್ಲಿನ ಬಿರುಕೂ ಅಕ್ಷರವಾಗುತ್ತದೆ.

ಮೈಸೂರಿನ ಶಾಸನತಜ್ಞರೊಬ್ಬರಿಗೆ ಕಳಿಸೋಣ, ಆದರೆ ನಮ್ಮ ಓದನ್ನು ಸೇರಿಸದೆ ಬರೀ ಫ್ರೇಮುಗಳನ್ನು ಎಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ನಾಯಿ ಮಾತ್ರ ನಾಯಿಯೇ, ಅದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.


15 ಸೆಪ್ಟೆಂಬರ್, ಭಾನುವಾರ
ಗುಂಡ್ಲುಪೇಟೆ

ತಿರುವೋಣಂ. ಹೂವೆಲ್ಲ ಗಡಿ ದಾಟಿ ಕೇರಳದ ಅಂಗಳಗಳಲ್ಲಿ ರಂಗೋಲಿಯಾಗಿದೆ. ಮನೆಯ ದೇವರಿಗೆ ಅತ್ತೆ ದಾಸವಾಳ ಇಟ್ಟರು. ಕ್ಯಾಮೆರಾ ಮುಟ್ಟಲಿಲ್ಲ.


29 ಸೆಪ್ಟೆಂಬರ್, ಭಾನುವಾರ
ಗುಂಡ್ಲುಪೇಟೆ

ನಾಲ್ಕು ಗಂಟೆಗೆ ಎದ್ದು ಊರಾಚೆ ಹೋದೆವು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುವುದರಿಂದ ಆ ಹೊತ್ತಿನಲ್ಲಿ ಲಾರಿಗಳ ಹೆಡ್‌ಲೈಟಿನ ಕಾಟವಿಲ್ಲ. 2009ರಿಂದ ಈ ನಿರ್ಬಂಧವಿದೆ. ಆನೆ ಹುಲಿಗಳಿಗಾಗಿ ಮಾಡಿದ್ದು. ಆಕಾಶ ನೋಡುವವರಿಗೂ ಉಪಕಾರವಾಯಿತು.

ಪೂರ್ವದಲ್ಲಿ ತೆಳು ಚಂದ್ರ. ಐದು ಗಂಟೆಯ ಮೇಲೆ ಅದರ ಕೆಳಗೆ, ಬೆಟ್ಟದ ಸಾಲಿಗೆ ಹತ್ತಿರದಲ್ಲಿ, ಧೂಮಕೇತು ಎದ್ದಿತು. ಸುಚಿನ್‌ಶಾನ್-ಅಟ್ಲಾಸ್. ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯದವರೂ ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕದವರೂ 2023ರ ಆರಂಭದಲ್ಲಿ ಕಂಡುಹಿಡಿದದ್ದು. ಮೊನ್ನೆ 27ಕ್ಕೆ ಸೂರ್ಯನಿಗೆ ಅತಿ ಹತ್ತಿರ ಹೋಗಿ ತಿರುಗಿಕೊಂಡಿದೆ. ಬರಿಗಣ್ಣಿಗೆ ಒಂದು ಒರೆಸಿದ ಗೀಟು. ಬೈನಾಕ್ಯುಲರಿನಲ್ಲಿ ಬಾಲ ನಿಚ್ಚಳ. ಬಾಲಚುಕ್ಕಿ ಕಂಡರೆ ರಾಜನಿಗೆ ಕೇಡು ಎಂದು ಅತ್ತೆ ನಿನ್ನೆಯೇ ಎಚ್ಚರಿಸಿದ್ದರು, ಸದ್ಯ ರಾಜರಿಲ್ಲ.

50 ಎಂಎಂ ಲೆನ್ಸು, ನಾಲ್ಕೈದು ಸೆಕೆಂಡಿನ ಫ್ರೇಮುಗಳು. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಗೆರೆ ಎಳೆಯುತ್ತವೆ. ಭೂಮಿ ಗಂಟೆಗೆ ಹದಿನೈದು ಡಿಗ್ರಿ ತಿರುಗುತ್ತದೆ. ಎರಡು ನಿಮಿಷದಲ್ಲಿ ಆಕಾಶ ಒಂದು ಚಂದ್ರನ ಅಗಲದಷ್ಟು ಸರಿದುಬಿಡುತ್ತದೆ. ಹಾಗಾಗಿ ಚಿಕ್ಕ ಚಿಕ್ಕ ಫ್ರೇಮು ತೆಗೆದು ಆಮೇಲೆ ಕೂಡಿಸುವುದು. ಬೆಳಕು ಹರಿಯುವವರೆಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ.

ಈಗ ಕೂಡಿಸುವಾಗ ಪೇಚು. ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ ಬಿಳಿಗಿರಿರಂಗನ ಬೆಟ್ಟಸಾಲು ಮೆಟ್ಟಿಲು ಮೆಟ್ಟಿಲಾಗಿ ಕದಡಿಹೋಗುತ್ತದೆ. ಬೆಟ್ಟವನ್ನು ಕೂರಿಸಿದರೆ ನಕ್ಷತ್ರಗಳು ಗೆರೆಯಾಗುತ್ತವೆ. ಧೂಮಕೇತುವಿಗೆ ಇವೆರಡಕ್ಕೂ ಸಂಬಂಧವಿಲ್ಲದ ಮೂರನೇ ನಡಿಗೆ. ಉದ್ದ ಲೆನ್ಸು ಹಾಕಿ ಗಂಟೆಗಟ್ಟಲೆ ತೆಗೆದವರು ಅದರ ತಲೆಯನ್ನೇ ಹಿಡಿದು ಬೇರೆಯಾಗಿ ಜೋಡಿಸುತ್ತಾರೆ. ಯಾವುದು ಸ್ಪಷ್ಟವಾಗಬೇಕು, ಯಾವುದು ಕದಡಿದರೆ ಪರವಾಗಿಲ್ಲ ಎಂದು ಮೊದಲೇ ನಿರ್ಧರಿಸಬೇಕು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಆಕಾಶಕ್ಕೊಂದು ಸ್ಟ್ಯಾಕು, ನೆಲಕ್ಕೊಂದು ಸ್ಟ್ಯಾಕು, ಬೆಟ್ಟದ ಅಂಚಿನಲ್ಲಿ ಹೊಲಿಗೆ. ನಾನೂ ಹಾಗೇ ಮಾಡಿದೆ. ಒಂದೇ ಫ್ರೇಮಿನಲ್ಲಿ ಮಸುಕು ಮಸುಕಾಗಿದ್ದ ಬಾಲ ಈಗ ಹಿಂದಿನ ಆಕಾಶದಿಂದ ಬಿಡಿಸಿಕೊಂಡು ಉದ್ದಕ್ಕೆ ಚಾಚಿದೆ.

ಜೊತೆಗೆ ಬಂದಿದ್ದ ಭೌತಶಾಸ್ತ್ರದ ಸಹೋದ್ಯೋಗಿ ಹಬಲ್‌ನ ಮಾತು ತೆಗೆದರು. 1995ರ ಡಿಸೆಂಬರಿನಲ್ಲಿ ಹತ್ತು ದಿನ ಹಬಲ್ ದೂರದರ್ಶಕವನ್ನು ಖಾಲಿ ಕಾಣುವ ಒಂದು ಚೂರು ಆಕಾಶದ ಕಡೆಗೇ ತಿರುಗಿಸಿ 342 ಚಿತ್ರ ತೆಗೆದರು. ಎಲ್ಲವನ್ನೂ ಕೂಡಿಸಿದಾಗ ಆ ಚೂರಿನಲ್ಲಿ ಮೂರು ಸಾವಿರದಷ್ಟು ಗೆಲಾಕ್ಸಿಗಳು. ದೂರದರ್ಶಕವನ್ನು ಬೇಕೆಂದೇ ಚೂರು ಚೂರು ಸರಿಸಿದ್ದರಿಂದ, ಫ್ರುಕ್ಟರ್ ಮತ್ತು ಹುಕ್ ಎಂಬಿಬ್ಬರು ಚುಕ್ಕೆಗಳ ನಡುವಿನ ವಿವರವನ್ನೂ ಹೊರತೆಗೆಯುವ ದಾರಿ ಕಂಡುಕೊಂಡರು. ಫೋನಿನವರು ನಡುಗುವ ಕೈಯಿಂದ ಪಡೆಯುವ ವಿವರವೂ ಇದೇ ಬಗೆಯದು.


7 ಅಕ್ಟೋಬರ್, ಸೋಮವಾರ
ಚಾಮರಾಜನಗರ

ವನ್ಯಜೀವಿ ಸಪ್ತಾಹಕ್ಕೆ ಕಾಲೇಜಿನ ಕಾರಿಡಾರಿನಲ್ಲಿ ಚಿತ್ರಗಳ ಪ್ರದರ್ಶನ. ಕಣಜ, ಧೂಮಕೇತು, ವೀರಗಲ್ಲಿನ ನಾಯಿ, ಚಾಮರಾಜೇಶ್ವರನ ಖಾಲಿ ಬೀದಿ ನಾಲ್ಕನ್ನೂ ಹಾಕಿದೆವು. ನಾಯಿಗೂ ಗೋಪುರಕ್ಕೂ ವನ್ಯಜೀವಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ಚರ್ಚೆಯಾದದ್ದು ಚಿತ್ರದ ಕೆಳಗೆ ಏನು ಬರೆಯಬೇಕು ಎಂಬುದಕ್ಕೆ. ಸ್ಟ್ಯಾಕ್ ಎಂದು ಬರೆದರೆ ಜನ ಕಂಪ್ಯೂಟರಿನಲ್ಲಿ ಮಾಡಿದ್ದು ಅಂದುಕೊಳ್ಳುತ್ತಾರೆ, ಬೇಡ ಮೇಡಂ ಎಂದು ಹುಡುಗರು. ಬೆಟ್ಟದ ಹುಡುಗಿ ಒಪ್ಪಲಿಲ್ಲ. "ನಮ್ಮ ಕಡೆ ಜೇನು ಕೊಯ್ದೋರು ಯಾವ ಮರದ್ದು, ಯಾವ ಹೂವಿಂದು ಅಂತ ಹೇಳೇ ಕೊಡೋದು. ಹೇಳದೆ ಕೊಟ್ರೆ ಬೆಲ್ಲದ ಪಾಕ ಅಂತಾರೆ." ಅವಳ ಮಾತೇ ಗೆದ್ದಿತು. ಹಾಳೆಗಳನ್ನು ಅವಳೇ ಬರೆದಳು, ದುಂಡು ಅಕ್ಷರದಲ್ಲಿ.

ಕಣಜದ ಕೆಳಗೆ: ಬೇರೆ ಬೇರೆ ಫೋಕಸ್ಸಿನ ಫ್ರೇಮುಗಳನ್ನು ಜೋಡಿಸಿದ್ದು, ಮೀಸೆಯ ಪಕ್ಕದ ಮಸುಕನ್ನು ತುಂಬಿಲ್ಲ. ಧೂಮಕೇತುವಿನ ಕೆಳಗೆ: ಆಕಾಶ ಮತ್ತು ನೆಲ ಬೇರೆ ಬೇರೆ ಜೋಡಿಸಿ ಹೊಲಿದದ್ದು. ನಾಯಿಯ ಕೆಳಗೆ: ಹಲವು ದಿಕ್ಕಿನ ಬೆಳಕಿನಲ್ಲಿ ತೆಗೆದದ್ದು, ಶಾಸನವನ್ನು ಇನ್ನೂ ಓದಿಲ್ಲ. ಬೀದಿಯ ಚಿತ್ರದ ಕೆಳಗೆ ಏನು ಬರೆಯುವುದೆಂದು ನನ್ನ ಮುಖ ನೋಡಿದಳು. ನಾನು ಹೇಳಿ ಬರೆಸಿದೆ: ಈ ಬೀದಿಯಲ್ಲಿ ಅಂದು ಬಹಳ ಜನರಿದ್ದರು, ತೆಗೆದುಹಾಕಿದ್ದೇವೆ.

ಹೆಚ್ಚು ಜನ ನಿಂತು ನೋಡಿದ್ದು ಅದನ್ನೇ.

ಎಲ್ಲ ಮೂಲ ಫ್ರೇಮುಗಳನ್ನೂ ಹೊಸ ಹಾರ್ಡ್ ಡಿಸ್ಕಿಗೆ ಹಾಕಿ ವಿಭಾಗದ ಬೀರುವಿನಲ್ಲಿಟ್ಟಿದ್ದೇನೆ. ಅನುಮಾನ ಬಂದವರು ಬಂದು ಕೇಳಲಿ, ಒಂದೊಂದನ್ನೂ ತೆಗೆದು ತೋರಿಸುತ್ತೇನೆ.